ಮನೆಯಲ್ಲೇ ಕಲಿಸುವ ಮುನ್ನ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಈ ಬರಹ ಇಂಗ್ಲೆಂಡಿನಲ್ಲಿ ವಾಸಿಸುವವರಿಗೆ ಮಾತ್ರ. ಸ್ಕಾಟ್‌ಲ್ಯಾಂಡಿನಲ್ಲಿ ಸರ್ಕಾರಿ ಶಾಲೆಯಿಂದ ಮಗುವನ್ನು ಬಿಡಿಸಲು ಕೌನ್ಸಿಲ್‌ನ (ಅಂದರೆ ಸ್ಥಳೀಯ ಆಡಳಿತದ) ಒಪ್ಪಿಗೆ ಬೇಕು, ಇಲ್ಲಿ ಸಾಮಾನ್ಯವಾಗಿ ಬೇಕಾಗಿಲ್ಲ. ಆದ್ದರಿಂದ ಗ್ಲಾಸ್ಗೋದಲ್ಲಿರುವ ಭಾವಮೈದುನ ಫೋನಿನಲ್ಲಿ ಹೇಳಿದ್ದನ್ನು ಲೆಸ್ಟರ್‌ನಲ್ಲಿ ಪಾಲಿಸಲು ಹೋಗಬೇಡಿ.

ಮನೆಪಾಠವಲ್ಲ

ನಮ್ಮಲ್ಲಿ ಮನೆಪಾಠವೆಂದರೆ ಶಾಲೆ ಮುಗಿದ ಮೇಲೆ ಮೇಷ್ಟರ ಮನೆಗೆ ಹೋಗಿ ಗಣಿತ ತಿದ್ದಿಸಿಕೊಂಡು ಬರುವುದು. ಇಲ್ಲಿ ಮನೆಶಿಕ್ಷಣವೆಂದರೆ ಶಾಲೆಯನ್ನೇ ಬಿಟ್ಟು, ಮಗುವಿನ ಪೂರ್ಣಾವಧಿ ಶಿಕ್ಷಣದ ಹೊಣೆಯನ್ನು ತಂದೆತಾಯಿ ತಾವೇ ಹೊತ್ತುಕೊಳ್ಳುವುದು. ಖರ್ಚೂ ನಮ್ಮದೇ, ಸರ್ಕಾರ ಪುಸ್ತಕವನ್ನಾಗಲಿ ಶಿಕ್ಷಕರನ್ನಾಗಲಿ ಕೊಡುವುದಿಲ್ಲ. ಶಿಕ್ಷಣ ಇಲಾಖೆಯ ಅಂದಾಜಿನಂತೆ 2024ರ ಶರತ್ಕಾಲದಲ್ಲಿ ಇಂಗ್ಲೆಂಡಿನ 1,11,700 ಮಕ್ಕಳು ಹೀಗೆ ಕಲಿಯುತ್ತಿದ್ದರು. ಅದರ ಹಿಂದಿನ ವರ್ಷ ಈ ಸಂಖ್ಯೆ 92,000 ಇತ್ತು. ಅಂದಮೇಲೆ ಇದು ವಿಚಿತ್ರವಾದ ದಾರಿಯೇನೂ ಅಲ್ಲ, ಆದರೆ ಹಗುರವಾದ ದಾರಿಯೂ ಅಲ್ಲ.

ಕಾನೂನಿನ ಒಂದು ಪದ

1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ನಿನ ಪ್ರಕಾರ, ಮಗುವಿನ ವಯಸ್ಸು, ಸಾಮರ್ಥ್ಯ, ಒಲವು ಹಾಗೂ ವಿಶೇಷ ಅಗತ್ಯಗಳಿಗೆ ತಕ್ಕ ಪರಿಣಾಮಕಾರಿ ಪೂರ್ಣಾವಧಿ ಶಿಕ್ಷಣವನ್ನು ಶಾಲೆಯ ಮೂಲಕವಾಗಲಿ ಅನ್ಯಥಾ ಆಗಲಿ ಕೊಡಿಸುವುದು ಪೋಷಕರ ಕರ್ತವ್ಯ. ಈ ‘ಅನ್ಯಥಾ’ (ಇಂಗ್ಲಿಷಿನಲ್ಲಿ ‘ಅದರ್‌ವೈಸ್’) ಎಂಬ ಒಂದು ಪದದ ಮೇಲೆಯೇ ಮನೆಶಿಕ್ಷಣವೆಲ್ಲ ನಿಂತಿದೆ. ಮನೆಶಿಕ್ಷಣದ ಕುಟುಂಬಗಳಿಗೆ ನೆರವಾಗಲು 1977ರಲ್ಲಿ ಹುಟ್ಟಿದ ‘ಎಜುಕೇಷನ್ ಅದರ್‌ವೈಸ್’ ಸಂಸ್ಥೆ ತನ್ನ ಹೆಸರನ್ನು ತೆಗೆದುಕೊಂಡಿರುವುದೂ ಅಲ್ಲಿಂದಲೇ. ಸರ್ಕಾರಿ ಶಾಲೆಗಳ ಪಠ್ಯಕ್ರಮವಾದ ನ್ಯಾಷನಲ್ ಕರಿಕ್ಯುಲಮ್ ಅನುಸರಿಸಬೇಕಾಗಿಲ್ಲ, ವೇಳಾಪಟ್ಟಿ ಬೇಕಾಗಿಲ್ಲ, ಬಿ.ಎಡ್. ಬೇಕಾಗಿಲ್ಲ, ಪರೀಕ್ಷೆಯೂ ಕಡ್ಡಾಯವಲ್ಲ. ಮಗು ತನ್ನ ಕುತೂಹಲದ ಬೆನ್ನುಹತ್ತಿ ತಾನೇ ಕಲಿಯುವ ಕ್ರಮಕ್ಕೂ ಇಲ್ಲಿ ಅವಕಾಶವಿದೆ. ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದ ಹ್ಯಾರಿಸನ್ ದಂಪತಿಯ ಪ್ರಕರಣದಲ್ಲಿ 1981ರಲ್ಲಿ ಬಂದ ತೀರ್ಪು, ತಾನು ಸಾಧಿಸಲು ಹೊರಟಿದ್ದನ್ನು ಸಾಧಿಸುವ ಶಿಕ್ಷಣವೇ ಪರಿಣಾಮಕಾರಿ ಎಂದಿತು. 1985ರ ಇನ್ನೊಂದು ತೀರ್ಪಿನ ಪ್ರಕಾರ, ಮಗುವನ್ನು ಮುಖ್ಯವಾಗಿ ಅದರ ಸ್ವಂತ ಸಮುದಾಯದ ಬದುಕಿಗೆ ಅಣಿಗೊಳಿಸುವ ಶಿಕ್ಷಣವೂ ಸಲ್ಲುತ್ತದೆ, ಆದರೆ ಮುಂದೆ ಅದು ಬೇರೊಂದು ಬಗೆಯ ಬದುಕನ್ನು ಆರಿಸಿಕೊಳ್ಳುವ ದಾರಿಯನ್ನು ಮುಚ್ಚಬಾರದು. ಕನ್ನಡ, ಸಂಗೀತ, ಶ್ಲೋಕಗಳನ್ನು ಹೆಮ್ಮೆಯಿಂದ ಕಲಿಸಿ, ನಮ್ಮ ಸಂಘದ ಶನಿವಾರದ ಕನ್ನಡ ತರಗತಿಯ ಮಕ್ಕಳಂತೂ ವಚನಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ; ಆದರೆ ಇಂಗ್ಲಿಷ್ ಓದುಬರಹವೂ ಲೆಕ್ಕವೂ ವಯಸ್ಸಿಗೆ ತಕ್ಕಷ್ಟು ಬಾರದಿದ್ದರೆ ಬರಿಯ ವಚನಗಳನ್ನು ಕೌನ್ಸಿಲ್ ಒಪ್ಪುವುದಿಲ್ಲ.

ಶಾಲೆಯಿಂದ ಹೆಸರು ತೆಗೆಸುವುದು

ಊರಿನಂತೆ ಟಿ.ಸಿ.ಗಾಗಿ ಕಚೇರಿಯ ಮುಂದೆ ಕಾಯಬೇಕಾಗಿಲ್ಲ, ಇಲ್ಲಿ ಟಿ.ಸಿ. ಎಂಬುದೇ ಇಲ್ಲ. ಮಗುವನ್ನು ಇಂಥ ದಿನದಿಂದ ಮನೆಯಲ್ಲಿ ಕಲಿಸುತ್ತೇವೆಂದು ಹೆಡ್ ಟೀಚರಿಗೆ ಬರವಣಿಗೆಯಲ್ಲಿ ತಿಳಿಸಿದರೆ ಅವರು ಹೆಸರು ತೆಗೆದು ಕೌನ್ಸಿಲ್‌ಗೆ ವರದಿ ಮಾಡುತ್ತಾರೆ. ಕೌನ್ಸಿಲ್ಲೇ ವ್ಯವಸ್ಥೆ ಮಾಡಿದ ವಿಶೇಷ ಶಾಲೆಯಲ್ಲಿ ಮಗು ಓದುತ್ತಿದ್ದರೆ ಮಾತ್ರ ಮೊದಲು ಅದರ ಒಪ್ಪಿಗೆ ಪಡೆಯಬೇಕು. ಪ್ರತಿ ಕೌನ್ಸಿಲ್ ಮನೆಯಲ್ಲಿ ಕಲಿಯುವ ಮಕ್ಕಳ ಕಡ್ಡಾಯ ನೋಂದಣಿ ಪಟ್ಟಿ ಇಡಬೇಕು ಮತ್ತು ಮಗುವಿನ ಸುರಕ್ಷತೆಯ ಬಗ್ಗೆ ತನಿಖೆ ನಡೆಯುತ್ತಿದ್ದರೆ ಅಂಥ ಮಕ್ಕಳನ್ನು ಶಾಲೆಯಿಂದ ಬಿಡಿಸಲು ಒಪ್ಪಿಗೆ ಬೇಕು ಎನ್ನುವ ಮಸೂದೆಯನ್ನು ಸರ್ಕಾರ 2024ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದಿಟ್ಟಿತು. ಹಾಗಾಗಿ ಪತ್ರ ಕಳುಹಿಸುವ ದಿನದಂದೇ ಸರ್ಕಾರದ ಜಾಲತಾಣದಲ್ಲಿ ಜಾರಿಯಲ್ಲಿರುವ ನಿಯಮವನ್ನು ಓದಿಕೊಳ್ಳಿ. ಹಳಬರು ತಾವು ಬಂದ ಕಾಲದ್ದನ್ನೇ ಹೇಳುತ್ತಾರೆ.

ಇಲ್ಲಿ ಒಂದು ಮಾತನ್ನು ಖಾರವಾಗಿಯೇ ಹೇಳಬೇಕಾಗಿದೆ. ತಂಗಿಯ ಮದುವೆ ಫೆಬ್ರುವರಿಯಲ್ಲಿದೆ, ಮೂರು ವಾರ ಊರಿಗೆ ಹೋಗಬೇಕು, ಶಾಲೆ ರಜೆ ಕೊಡುತ್ತಿಲ್ಲ, ದಂಡ ಬೀಳುತ್ತದೆ, ಅದಕ್ಕೆ ‘ಮನೆಶಿಕ್ಷಣ’ ಎಂದು ಬರೆದು ಹೆಸರು ತೆಗೆಸಿಬಿಡೋಣ ಎಂದು ಯೋಚಿಸುವವರು ಪ್ರತಿ ವರ್ಷವೂ ನಮ್ಮ ಬಳಿ ಬರುತ್ತಾರೆ. 2024ರ ಆಗಸ್ಟಿನಿಂದ ದಂಡವು ಪ್ರತಿ ಮಗುವಿಗೆ, ತಂದೆತಾಯಿಯರಲ್ಲಿ ಪ್ರತಿಯೊಬ್ಬರಿಗೂ, 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಆಮೇಲೆ 28 ದಿನದೊಳಗೆ 160 ಪೌಂಡ್. ಇದು ಹೊರೆಯೇ ಸರಿ. ಆದರೆ ಹೆಸರು ತೆಗೆಸಿದ ಮರುದಿನವೇ ನಿಮ್ಮ ಸೀಟು ಕಾಯುವ ಪಟ್ಟಿಯಲ್ಲಿರುವ ಇನ್ನೊಂದು ಮಗುವಿಗೆ ಹೋಗಬಹುದು, ಹಿಂದಿರುಗಿದಾಗ ನಿಮಗೆ ಸಿಗುವ ಶಾಲೆ ಎರಡು ಬಸ್ಸುಗಳಾಚೆ ಇರಬಹುದು. ದಂಡ ತಪ್ಪಿಸಿಕೊಳ್ಳಲು ಹೋಗಿ ಅಣ್ಣನನ್ನು ಒಂದು ಶಾಲೆಯಲ್ಲಿ, ತಂಗಿಯನ್ನು ಇನ್ನೊಂದರಲ್ಲಿ ಬಿಟ್ಟು ದಿನಾ ಬೆಳಗ್ಗೆ ಓಡಾಡಿದವರು ನಮ್ಮ ಸಂಘದಲ್ಲೇ ಇದ್ದಾರೆ. ಶಾಲೆಯೇ ‘ನೀವು ಮನೆಯಲ್ಲಿ ಕಲಿಸುವುದು ಒಳ್ಳೆಯದು’ ಎಂದು ಒತ್ತಾಯಿಸಿದರೂ ಅಲ್ಲೇ ಸಹಿ ಹಾಕಬೇಡಿ. ಹಾಗೆ ಒತ್ತಡ ಹೇರಬಾರದೆಂದು ಇಲಾಖೆಯ ಮಾರ್ಗಸೂಚಿಯಲ್ಲೇ ಇದೆ.

ಕೌನ್ಸಿಲ್‌ನಿಂದ ಪತ್ರ ಬಂದಾಗ

ತಕ್ಕ ಶಿಕ್ಷಣ ಸಿಗದ ಮಕ್ಕಳು ಯಾರೆಂದು ಗುರುತಿಸುವುದು ಅದೇ 1996ರ ಕಾಯ್ದೆಯ 436ಎ ಸೆಕ್ಷನ್ನಿನಂತೆ ಕೌನ್ಸಿಲ್‌ನ ಕರ್ತವ್ಯ. ಅದಕ್ಕಾಗಿ ಅವರು ಮೊದಲು ಅನೌಪಚಾರಿಕವಾಗಿ ವಿಚಾರಿಸುತ್ತಾರೆ. ಉತ್ತರಿಸಲೇಬೇಕೆಂದಿಲ್ಲವಾದರೂ ಉತ್ತರಿಸುವುದು ಜಾಣತನ, ಏಕೆಂದರೆ ಏನೂ ಹೇಳದೆ ಸುಮ್ಮನಿದ್ದರೆ ಶಿಕ್ಷಣವೇ ನಡೆಯುತ್ತಿಲ್ಲವೆಂದು ಕೌನ್ಸಿಲ್ ಭಾವಿಸಬಹುದು. 1980ರ ಫಿಲಿಪ್ಸ್ ಪ್ರಕರಣದ ತೀರ್ಪಿನ ಸಾರವೂ ಇದೇ.

ನಮಗೆ ಮೊದಲ ಪತ್ರ ಬಂದಾಗ ನಾನು ಎರಡು ತಪ್ಪುಗಳನ್ನು ಮಾಡಿದೆ. ಮೊದಲು, ಮಗು ಹೇಗೆ ಹೂವಿನಂತೆ ತಾನಾಗಿ ಅರಳುತ್ತದೆ ಎಂದು ಎರಡು ಪುಟ ತತ್ತ್ವಜ್ಞಾನ ಬರೆದು ಕಳುಹಿಸಿದೆ. ಅಧಿಕಾರಿ ವಿನಯದಿಂದಲೇ, ಹುಡುಗ ಕಳೆದ ತಿಂಗಳು ಏನು ಮಾಡಿದನೆಂದು ತಿಳಿಸಿ ಎಂದು ಮರುಪತ್ರ ಬರೆದರು. ನಾನು ಇನ್ನೊಂದು ತುದಿಗೆ ಹಾರಿ, ಊರಿನ ಅಂಕಪಟ್ಟಿಯ ಮಾದರಿಯಲ್ಲಿ ವಿಷಯಕ್ಕೊಂದು ಅಂಕ ಕೊಟ್ಟು, ಗಣಿತ 92, ಇಂಗ್ಲಿಷ್ 88 ಎಂದು ಕಳುಹಿಸಿದೆ. ಯಾವ ಪರೀಕ್ಷೆಯಲ್ಲಿ ಬಂದ ಅಂಕ ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ.

ಆಗ ಎಂಟು ವರ್ಷದವನಾಗಿದ್ದ ಮಗನಿಗೆ ಬಸ್ಸುಗಳ ಹುಚ್ಚು. ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು, ಹಾಲಿನ ಲೆಕ್ಕ ಬರೆಯಲು ನಾನು ತಂದಿಟ್ಟಿದ್ದ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬಸ್ಸಿನ ನಂಬರು, ಬರಬೇಕಾದ ಹೊತ್ತು, ಬಂದ ಹೊತ್ತು ಎಂದು ಮೂರು ಕಾಲಂ ಗೀಚಿಕೊಂಡಿದ್ದ. ಆರು ವಾರಗಳ ಕೊನೆಗೆ ಸರಾಸರಿ ಎಷ್ಟು ನಿಮಿಷ ತಡವೆಂದು ತಾನೇ ಕಂಡುಹಿಡಿದು, ಮಳೆ ಬಂದ ದಿನಗಳನ್ನು ಹಸಿರು ಶಾಯಿಯಲ್ಲಿ ಗುರುತಿಸಿ, ಬಸ್ ಕಂಪನಿಗೆ ಒಂದು ದೂರುಪತ್ರ ಬರೆದಿದ್ದ; ಮೊದಲ ಕರಡಿನಲ್ಲಿ ಒಂಬತ್ತು ಕಾಗುಣಿತದ ತಪ್ಪು, ಮೂರನೆಯದರಲ್ಲಿ ಒಂದು. ನಾನು ಇದನ್ನು ಆಟವೆಂದು ತಿಳಿದು ವರದಿಯಿಂದ ಬಿಟ್ಟಿದ್ದೆ. ಮೂರನೆಯ ಬಾರಿ ಆ ನೋಟ್‌ಬುಕ್ಕಿನ ನಾಲ್ಕು ಪುಟಗಳನ್ನೂ ಮೂರು ಕರಡುಗಳನ್ನೂ ನಕಲು ಮಾಡಿ, ಪ್ರತಿಯೊಂದಕ್ಕೂ ದಿನಾಂಕ ಹಾಕಿ, ಇದರಿಂದ ಅವನಿಗೆ ಮುಂದೆ ನಕ್ಷೆ ಓದುವ ಆಸೆ ಹುಟ್ಟಿದೆ ಎಂದು ಸೇರಿಸಿ ಕಳುಹಿಸಿದೆ. ಅದಕ್ಕೆ ಬಂದ ಉತ್ತರ ಒಂದೇ ಸಾಲಿನದು: ಸದ್ಯಕ್ಕೆ ಬೇರೇನೂ ಬೇಕಾಗಿಲ್ಲ.

ಆದ್ದರಿಂದ ಮಗುವೇ ದಾರಿ ಹಿಡಿದು ಕಲಿಯುವ ಮನೆಗಳಲ್ಲಿ ಪೋಷಕರು ಮುಂಚಿತವಾಗಿ ಪಾಠಯೋಜನೆ ಬರೆಯದಿದ್ದರೂ, ನಡೆದುಹೋದದ್ದನ್ನು ದಿನಕ್ಕೆ ಎರಡು ಸಾಲಿನಂತೆ ಅಂದಂದೇ ಬರೆದಿಡಬೇಕು. ಆಗದ ಕೆಲಸವನ್ನು ಆಯಿತೆಂದು ಬರೆಯಬೇಡಿ. ಓದು ಹಿಂದಿದ್ದರೆ ಹಿಂದಿದೆ, ಅದಕ್ಕೆ ಹೀಗೆ ಮಾಡುತ್ತಿದ್ದೇವೆ ಎಂದು ಬರೆಯಿರಿ. ಇತರ ಮಕ್ಕಳೊಂದಿಗೆ ಒಡನಾಟವಿದೆಯೇ ಎಂಬುದನ್ನೂ, ಬೆಳೆದ ಮೇಲೆ ಈ ದೇಶದಲ್ಲಿ ಸ್ವತಂತ್ರ ನಾಗರಿಕನಾಗಿ ಬಾಳಲು ಈ ಶಿಕ್ಷಣ ನೆರವಾಗುತ್ತದೆಯೇ ಎಂಬುದನ್ನೂ ಶಿಕ್ಷಣ ಇಲಾಖೆಯ 2019ರ ಮಾರ್ಗಸೂಚಿ ಎತ್ತುತ್ತದೆ. ಬರಿಯ ಅಕ್ಕತಂಗಿಯರ ಮಕ್ಕಳೊಡನೆ ಆಡಿದ್ದನ್ನು ಒಡನಾಟವೆಂದು ತೋರಿಸಿ ಕೈತೊಳೆದುಕೊಳ್ಳಬೇಡಿ.

ಅಧಿಕಾರಿ ಮನೆಗೆ ಬರುತ್ತೇನೆಂದರೆ ಒಪ್ಪಬಹುದು, ಲೈಬ್ರರಿಯಲ್ಲಿ ಭೇಟಿಯಾಗೋಣ ಎನ್ನಬಹುದು, ಲಿಖಿತ ವರದಿ ಕೊಡುತ್ತೇವೆ ಎನ್ನಲೂಬಹುದು. ಬಲವಂತವಾಗಿ ಒಳಬರುವ ಅಧಿಕಾರ ಆ ಮಾರ್ಗಸೂಚಿಯಲ್ಲಿ ಇಲ್ಲ. ಬಂದವರಿಗೆ ಕೇಸರಿಬಾತು ಬಡಿಸಿ, ಮಗುವನ್ನು ಎದುರು ನಿಲ್ಲಿಸಿ ಮಗ್ಗಿ ಹೇಳಿಸಬೇಡಿ. ಅವರು ಶಾಲಾ ಇನ್‌ಸ್ಪೆಕ್ಟರ್ ಅಲ್ಲ.

ನಾಲ್ಕು ಮನೆಯವರು ಸೇರಿ

ಸರದಿಯಂತೆ ಒಬ್ಬರ ಮನೆಯಲ್ಲಿ ಎಲ್ಲ ಮಕ್ಕಳನ್ನೂ ಕೂಡಿಸಿ ದಿನವಿಡೀ ಕಲಿಸೋಣ ಎನ್ನುವ ಉತ್ಸಾಹ ನಮ್ಮವರಲ್ಲಿ ಬೇಗ ಹುಟ್ಟುತ್ತದೆ. ಆದರೆ ಕಡ್ಡಾಯ ಶಾಲಾ ವಯಸ್ಸಿನ ಐದು ಅಥವಾ ಹೆಚ್ಚು ಮಕ್ಕಳಿಗೆ ಪೂರ್ಣಾವಧಿ ಶಿಕ್ಷಣ ಕೊಡುವ ಜಾಗ ಕಾನೂನಿನ ಕಣ್ಣಿಗೆ ಖಾಸಗಿ ಶಾಲೆಯೇ. ನೋಂದಣಿಯಿಲ್ಲದೆ ಅದನ್ನು ನಡೆಸುವುದು ಅಪರಾಧ. ವಾರಕ್ಕೆ ಒಂದೆರಡು ಬಾರಿ ಸೇರಿ.

ಪರೀಕ್ಷೆ, ಹಣ

ಜಿಸಿಎಸ್‌ಇ: ಸಾಮಾನ್ಯವಾಗಿ 16ನೇ ವಯಸ್ಸಿನ ಹೊತ್ತಿಗೆ ಬರೆಯುವ ಈ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಶುಲ್ಕ ನಮ್ಮದು, ಕೇಂದ್ರವನ್ನು ನಾವೇ ಹುಡುಕಬೇಕು.
ಕಾಲೇಜು: 14ರಿಂದ 16 ವರ್ಷದವರನ್ನು ಕೆಲವು ಕಾಲೇಜುಗಳು ಸೇರಿಸಿಕೊಳ್ಳುತ್ತವೆ.
ಅರೆಶಾಲೆ: ವಾರದಲ್ಲಿ ಕೆಲವೇ ದಿನ ಶಾಲೆ, ಹೆಡ್ ಟೀಚರಿನ ವಿವೇಚನೆಗೆ ಬಿಟ್ಟದ್ದು.
ಚೈಲ್ಡ್ ಬೆನಿಫಿಟ್: ಮಕ್ಕಳಿಗಾಗಿ ಸರ್ಕಾರ ಪೋಷಕರಿಗೆ ಕೊಡುವ ಭತ್ಯೆ. ವೀಸಾದಲ್ಲಿ ‘ಸಾರ್ವಜನಿಕ ನಿಧಿ ಇಲ್ಲ’ ಎಂದಿದ್ದರೆ ವಿಚಾರಿಸದೆ ಅರ್ಜಿ ಹಾಕಬೇಡಿ.

ಔಪಚಾರಿಕ ನೋಟಿಸು

ಶಿಕ್ಷಣ ತಕ್ಕದ್ದಲ್ಲವೆಂದು ಕೌನ್ಸಿಲ್‌ಗೆ ತೋರಿದರೆ 437ನೇ ಸೆಕ್ಷನ್ನಿನ ನೋಟಿಸು ಬರುತ್ತದೆ, ಮತ್ತು ತೃಪ್ತಿಕರ ಉತ್ತರ ಕೊಡಲು ಕನಿಷ್ಠ 15 ದಿನಗಳ ಅವಕಾಶವಿರುತ್ತದೆ. ಉತ್ತರ ಸಾಲದಿದ್ದರೆ ಇಂಥ ಶಾಲೆಗೆ ಸೇರಿಸಿ ಎಂಬ ಹಾಜರಾತಿ ಆದೇಶ ಹೊರಡಬಹುದು, ಅದನ್ನು ಮೀರಿದರೆ ನ್ಯಾಯಾಲಯಕ್ಕೆ ಹೋಗಬೇಕಾಗಬಹುದು. ಇಂಥ ನೋಟಿಸು ಬಂದವರು ನಾಚಿಕೆಪಟ್ಟು ಬಚ್ಚಿಡದೆ, ಶನಿವಾರ ಕನ್ನಡ ತರಗತಿ ಮುಗಿದ ಮೇಲೆ ಅದನ್ನು ನಮ್ಮ ಬಳಿ ತನ್ನಿ. ಬಂದ ದಿನಾಂಕವನ್ನು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡಿ, ಲಕೋಟೆಯನ್ನೂ ಎಸೆಯಬೇಡಿ.