ಹಾಲಿನ ಡೈರಿಗೆ ಹೋದ ಲೈಬ್ರರಿ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅರಿವು ಕೇಂದ್ರದಿಂದ, ಅಂದರೆ ಗ್ರಾಮ ಪಂಚಾಯಿತಿ ಲೈಬ್ರರಿಯಿಂದ, ಮನೆಗಳಿಗೆ ಹೋದ ಪುಸ್ತಕ ಹತ್ತಿರ ಹತ್ತಿರ 1,900. ಅದರ ಹಿಂದಿನ ಬೇಸಿಗೆಯಲ್ಲಿ 140 ದಾಟಿರಲಿಲ್ಲ. ತಾಲ್ಲೂಕು ಸಭೆಯಲ್ಲಿ ಈ ಲೆಕ್ಕ ಹೇಳಿದಾಗ ಯಾರೂ ನಂಬಲಿಲ್ಲ. ವಿತರಣಾ ವಹಿ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ನನ್ನ ಹಾಗೇ ಲೈಬ್ರರಿ ನೋಡಿಕೊಳ್ಳುವ ನಾಲ್ಕೈದು ಜನ ಮೇಲ್ವಿಚಾರಕರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆ ಸೀಮೆ. ತೆಂಗು, ರಾಗಿ, ಮನೆಗೆ ಎರಡು ಮೂರು ಸೀಮೆಹಸು. 2019ರಲ್ಲಿ ನಮ್ಮ ಲೈಬ್ರರಿಗಳು ಪಂಚಾಯಿತಿ ಕೈಗೆ ಬಂದವು. 2020ರ ನವೆಂಬರ್‌ನಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಸದಸ್ಯತ್ವದ ಫಾರಂ ತುಂಬಿಸುವುದು ಕಷ್ಟವಾಗಲಿಲ್ಲ. ಮುನ್ನೂರು ಚಿಲ್ಲರೆ ಮಕ್ಕಳ ಹೆಸರು ಹದಿನೈದು ದಿನದಲ್ಲಿ ಬರೆದುಕೊಂಡೆ. ಅವರಲ್ಲಿ ಎಷ್ಟು ಮಕ್ಕಳು ಪುಸ್ತಕ ಮುಟ್ಟಿದರು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

2022ರಲ್ಲಿ ಮೊದಲ ಶಿಬಿರ ಮಾಡಿದೆ. ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ. ಮೊದಲ ದಿನ 38 ಮಕ್ಕಳು, ನಾಲ್ಕನೇ ದಿನ ಏಳು. ನಮ್ಮ ಕಟ್ಟಡಕ್ಕೆ ಶೀಟಿನ ಚಾವಣಿ. ಏಪ್ರಿಲ್ ಮಧ್ಯಾಹ್ನ ಒಳಗೆ ಕೂತರೆ ರೊಟ್ಟಿ ಹೆಂಚಿನ ಕೆಳಗೆ ಕೂತ ಹಾಗೆ. ಬಿಸ್ಕತ್ತು ಕೊಟ್ಟರೆ ಬರುತ್ತಾರೆ ಅಂದುಕೊಂಡು ಕೈಯಿಂದ ಸುಮಾರು 3,000 ರೂಪಾಯಿ ಹಾಕಿದೆ. ಬಿಸ್ಕತ್ತು ಇದ್ದಷ್ಟು ದಿನ ಬಂದರು. ಮುಗಿದ ದಿನ ಅವರೂ ಮುಗಿದರು.

2023ರಲ್ಲಿ ಬಹುಮಾನ ಇಟ್ಟೆ. ಜಾಸ್ತಿ ಪುಸ್ತಕ ಓದಿದವರಿಗೆ ಸ್ಕೂಲ್ ಬ್ಯಾಗು. ಅದು ಇನ್ನೂ ದೊಡ್ಡ ತಪ್ಪು. ಒಬ್ಬ ಹುಡುಗ ಒಂದೇ ಸಂಜೆ ಆರು ಪುಸ್ತಕ ‘ಓದಿ’ ವಾಪಸ್ ತಂದ. ಯಾವ ಕಥೆ ಇಷ್ಟವಾಯಿತು ಅಂತ ಕೇಳಿದರೆ ತಲೆ ಬಗ್ಗಿಸಿ ನಿಂತ. ಅವನದೇನು ತಪ್ಪು? ಓಡುವ ಪಂದ್ಯ ಇಟ್ಟಿದ್ದು ನಾನು.

2024ರಲ್ಲಿ ಹೋದ ಪುಸ್ತಕ ವಾಪಸ್ ಬರಲಿ ಅಂತ ಇಪ್ಪತ್ತು ರೂಪಾಯಿ ಠೇವಣಿ ಕೇಳಿದೆ. ಬಂದ ಮಕ್ಕಳೂ ನಿಂತುಹೋದರು. ಉಚಿತ ಅಂತ ಸರ್ಕಾರವೇ ಹೇಳಿರುವಾಗ ನಾನು ಕೇಳಬಾರದಿತ್ತು. ಎಂಟೇ ದಿನದಲ್ಲಿ ವಾಪಸ್ ಕೊಟ್ಟೆ. ಆದರೆ ಹೆದರಿಕೆ ಎಲ್ಲಿಂದ ಬರುತ್ತದೆ ಅಂತ ನಮ್ಮ ಕೆಲಸದವರಿಗೆ ವಿವರಿಸಬೇಕಾಗಿಲ್ಲ. ದಾಸ್ತಾನು ಪರಿಶೀಲನೆಯಲ್ಲಿ ಪುಸ್ತಕ ಕಡಿಮೆ ಬಂದರೆ ನಮ್ಮ ಗೌರವಧನದಲ್ಲಿ ಹಿಡಿಯುತ್ತಾರೆ ಅಂತ ಹಳಬರು ಹೇಳಿ ಹೇಳಿ, ನಾವೆಲ್ಲ ಬೀರುವಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡವರೇ.

ಮೂರು ವರ್ಷ ನಾನು ನೋಡದೇ ಇದ್ದದ್ದು ಒಂದೇ. ನಮ್ಮೂರಲ್ಲಿ ಬೇಸಿಗೆಯಲ್ಲಿ ಅಪ್ಪ ಅಮ್ಮ ಬೆಳಗ್ಗೆಯೇ ಉದ್ಯೋಗ ಖಾತ್ರಿ ಕೂಲಿಗೆ ಹೋಗುತ್ತಾರೆ. ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಬೇಕು, ಹಸುವಿಗೆ ನೀರು ಕುಡಿಸಬೇಕು. ಲೈಬ್ರರಿಗೆ ಬಾ ಅಂದರೆ ಯಾವಾಗ ಬರಬೇಕು? ಆದರೆ ಅದೇ ಮಗು ದಿನಾ ಸಂಜೆ ಆರು ಗಂಟೆಗೆ ಕ್ಯಾನು ಹಿಡಿದು ಡೈರಿಗೆ ಬರುತ್ತದೆ. ಮಳೆಯಿರಲಿ, ಹಬ್ಬವಿರಲಿ, ಒಂದು ದಿನವೂ ತಪ್ಪದೆ. ಒಂದು ಸಂಜೆ ನಾನೇ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದಾಗ ಎಣಿಸಿದೆ. ಹತ್ತು ನಿಮಿಷದಲ್ಲಿ 26 ಮಕ್ಕಳು.

ಪುಸ್ತಕವನ್ನೇ ಡೈರಿಗೆ ತಗೊಂಡು ಹೋಗ್ತೀನಿ ಅಂತ ಸಭೆಯಲ್ಲಿ ಹೇಳಿದಾಗ ನಕ್ಕರು. ‘ಮೇಡಂ, ಹಾಲಿಗೆ ನೀರು ಬೀಳೋದು ಕೇಳಿದ್ದೀವಿ, ಪುಸ್ತಕಕ್ಕೆ ಹಾಲು ಬೀಳಿಸ್ತೀರಾ?’ ಅಂದರು. ಇನ್ನೊಬ್ಬರು ಪುಸ್ತಕವನ್ನು ಕಟ್ಟಡದಿಂದ ಆಚೆ ಇಟ್ಟರೆ ಆಡಿಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮಾತ್ರ ‘ರಿಜಿಸ್ಟರ್ ಸರಿಯಾಗಿ ಇಡಿ, ಮಾಡಿ ನೋಡಿ’ ಅಂತ ಬಾಯಲ್ಲಿ ಹೇಳಿದರು. ನಾನು ಒಂದು ಅರ್ಜಿ ಬರೆದು ಅದರ ಮೇಲೆ ಸಹಿ ಹಾಕಿಸಿಕೊಂಡೆ. ನೀವೂ ಹಾಕಿಸಿಕೊಳ್ಳಿ.

ಡೈರಿ ಕಮಿಟಿಯನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಅದು ಹೇಗೆ ಒಪ್ಪಿದರು ಅನ್ನೋದನ್ನ ಇಲ್ಲಿ ಬರೆಯಲ್ಲ. ನಿಮ್ಮೂರಿನ ಕಮಿಟಿ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಏಪ್ರಿಲ್ 11ಕ್ಕೆ ರಜೆ ಶುರು. ಅವತ್ತೇ ಸಂಜೆ ಎರಡು ಪ್ಲಾಸ್ಟಿಕ್ ಕ್ರೇಟು, ಶಾಮಿಯಾನದವರಿಂದ ತಂದ ಮಡಚುವ ಮೇಜು, ಒಂದು ವಹಿ. ಒಂದೊಂದು ಕ್ರೇಟಿನಲ್ಲಿ ಅರವತ್ತು ಪುಸ್ತಕ. ಮೊದಲ ಮೂರು ದಿನ ಪೂರ್ತಿ ಗೊಂದಲ. ಮೇಜನ್ನು ಬಾಗಿಲ ಹತ್ತಿರ ಇಟ್ಟಿದ್ದೆ. ಮಕ್ಕಳು ಕ್ಯಾನು ಕೆಳಗಿಟ್ಟು ಪುಸ್ತಕ ನೋಡುತ್ತಾ ನಿಂತರು. ಹಾಲಿನ ಸಾಲು ನಿಂತುಹೋಯಿತು. ಟ್ಯಾಂಕರ್ ಬರುವ ಹೊತ್ತು ಬೇರೆ. ಹಿರಿಯರು ಇಬ್ಬರು ರೇಗಿದರು. ಮೂರನೇ ದಿನ ಒಂದು ಕ್ಯಾನು ಉರುಳಿತು. ಮೂರು ಪುಸ್ತಕ ಹಾಲಿನಲ್ಲಿ ನೆನೆದವು. ಆ ಮನೆಯ ಒಂದೂವರೆ ಲೀಟರ್ ಹಾಲಿನ ದುಡ್ಡು ನಾನೇ ಕೊಟ್ಟೆ.

ನಾಲ್ಕನೇ ದಿನ ಡೈರಿ ಕಾರ್ಯದರ್ಶಿಯೇ ದಾರಿ ತೋರಿಸಿದರು. ‘ಅಕ್ಕಾ, ಮೇಜು ಆ ಕಡೆ ಇಡಿ, ಕ್ಯಾನು ತೊಳೆಯೋ ನಲ್ಲಿ ಹತ್ರ.’ ಅಷ್ಟೇ. ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ತಗೊಂಡು, ಕ್ಯಾನು ತೊಳೆದ ಮೇಲೆ ಮಗುವಿಗೆ ಅವಸರ ಇರುವುದಿಲ್ಲ. ಕೈಯಲ್ಲಿ ಖಾಲಿ ಕ್ಯಾನು. ಪುಸ್ತಕ ಹಿಡಿಯಲು ಇನ್ನೊಂದು ಕೈ ಇದೆ. ಈ ಒಂದು ಜಾಗ ಬದಲಾಯಿಸಿದ್ದೇ ಅರ್ಧ ಕೆಲಸ ಆದ ಹಾಗೆ.

ಒದ್ದೆ ಕೈಗೆ ಏನು ಮಾಡೋದು? ಖಾಲಿ ಫೀಡ್ ಚೀಲ ತೊಳೆದು, ಊರಿನ ಟೈಲರ್ ಹತ್ತಿರ ಅರವತ್ತು ಸಣ್ಣ ಚೀಲ ಹೊಲಿಸಿದೆ. ಒಂದಕ್ಕೆ ಇಪ್ಪತ್ತು ರೂಪಾಯಿ. ಹೆಗಲಿಗೆ ಹಾಕಿಕೊಳ್ಳುವ ದಾರ. ಬಟ್ಟೆ ಚೀಲಕ್ಕಿಂತ ಇದೇ ಒಳ್ಳೆಯದು, ನೀರು ಬೇಗ ಒಳಗೆ ಹೋಗಲ್ಲ.

ಇನ್ನು ಕಾರ್ಡಿನ ವಿಷಯ. ಮಕ್ಕಳಿಗೆ ಸದಸ್ಯತ್ವದ ನಂಬರ್ ನೆನಪಿರುವುದಿಲ್ಲ. ಹಾಲು ಹಾಕುವ ಮನೆಗೆ ಡೈರಿಯವರು ಕೊಟ್ಟ ನಂಬರ್ ಮಾತ್ರ ಮೂರು ವರ್ಷದ ಮಗುವಿಗೂ ಗೊತ್ತು. ಹಾಗಾಗಿ ಆ ನಂಬರನ್ನೇ ಬರೆದುಕೊಂಡೆ. ‘ಎಪ್ಪತ್ನಾಕು, ಕಾಗೆ ಕಥೆ’ ಅಂತ ಕೂಗಿದರೆ ಸಾಕು, ಪುಸ್ತಕದ ಅಕ್ಸೆಷನ್ (ದಾಖಲೆ) ನಂಬರ್ ನೋಡಿ ಒಂದು ಸಾಲು ಬರೆದರೆ ಮುಗಿಯಿತು. ರಾತ್ರಿ ಕೂತು ಸದಸ್ಯತ್ವದ ವಹಿಗೆ ಹೊಂದಿಸುತ್ತಿದ್ದೆ. ವಾಪಸಾತಿಗೆ ಬಟವಾಡೆ ದಿನ ಇಟ್ಟೆ. ಹಾಲಿನ ದುಡ್ಡು ತಗೊಳ್ಳಲು ಮನೆಯ ದೊಡ್ಡವರು ಬಂದೇ ಬರುತ್ತಾರೆ. ‘ನಿಮ್ಮ ಮನೇಲಿ ಎರಡು ಪುಸ್ತಕ ಇದೆ’ ಅಂತ ನಗುತ್ತಾ ಹೇಳಿದರೆ ಮಾರನೇ ದಿನ ಬರುತ್ತಿತ್ತು. ದಂಡ ಇಲ್ಲ, ಜಗಳ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಎಡವಿದ್ದೆ. ಮೊದಲ ವಾರ ಪೂರ್ತಿ ಒಬ್ಬಳು ಹುಡುಗಿ ಡೈರಿ ಎದುರಿನ ಹೊಂಗೆ ಮರದ ಕೆಳಗೆ ನಿಂತು ನೋಡುತ್ತಿದ್ದಳು. ಏಳನೇ ಕ್ಲಾಸು. ಕರೆದರೆ ಬರಲಿಲ್ಲ. ನಾನೇ ಹೋಗಿ ಕೇಳಿದೆ. ‘ನಮ್ಮನೇಲಿ ಹಸು ಇಲ್ಲ, ನಂಬರ್ ಇಲ್ಲ’ ಅಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಮ್ಮೂರಲ್ಲಿ ಹಸು ಇಲ್ಲದ ಮನೆ ನಲವತ್ತಾದರೂ ಇವೆ. ಸಾರ್ವಜನಿಕ ಗ್ರಂಥಾಲಯ ಅಂತ ಬೋರ್ಡ್ ಹಾಕಿಕೊಂಡು ಹಸು ಇದ್ದವರಿಗೆ ಮಾತ್ರ ಪುಸ್ತಕ ಕೊಡುತ್ತಿದ್ದೆ! ಮಾರನೇ ದಿನವೇ 301ರಿಂದ ಹೊಸ ನಂಬರ್ ಶುರು ಮಾಡಿದೆ. ಮೊದಲ ನಂಬರ್ ಅವಳದೇ. ಅಕ್ಷರ ಮುತ್ತಿನ ಹಾಗಿತ್ತು, ವಹಿ ಬರೆಯುವ ಕೆಲಸವನ್ನೂ ಅವಳಿಗೇ ಕೊಟ್ಟೆ. ವಿತರಣಾ ವಹಿಯ ಮುಕ್ಕಾಲು ಪಾಲು ಅವಳ ಕೈಬರಹ. ಯಾರಾದರೂ ಹೀಗೆ ಮಾಡುವುದಾದರೆ ಈ ನಂಬರ್‌ಗಳನ್ನು ಮೊದಲ ದಿನವೇ ಮಾಡಿ.

ಶಿಬಿರವನ್ನೂ ಬಿಡಲಿಲ್ಲ, ಹೊತ್ತು ಬದಲಾಯಿಸಿದೆ. ಬೆಳಗ್ಗೆ ಏಳೂವರೆಯಿಂದ ಹತ್ತು, ಅದೇ ಹೊಂಗೆ ನೆರಳಿನಲ್ಲಿ. ಚಿಕ್ಕ ತಮ್ಮ ತಂಗಿಯರನ್ನೂ ಕರೆದುಕೊಂಡು ಬನ್ನಿ ಅಂದೆ. ಹತ್ತರ ಮೇಲೆ ಒಳಗೆ ಕಾನ್‌ಸ್ಟೇಬಲ್, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುವ ಹುಡುಗರಿಗೆ ಶಾಂತಿ ಬೇಕು. ಮುಂಚೆ ಅವರಿಗೂ ಮಕ್ಕಳಿಗೂ ದಿನಾ ಕಿತ್ತಾಟ. ಈಗ ಇಲ್ಲ.

ಶಿಬಿರದಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ನೆರಳು ಕಾಣೆಯಾಗುವ ದಿನ. ನಮ್ಮ ಕಡೆ ಏಪ್ರಿಲ್ ಕೊನೆ ವಾರದಲ್ಲಿ ಒಂದು ದಿನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅವತ್ತೊಂದು ದಿನ ಮಾತ್ರ ಮಧ್ಯಾಹ್ನ ಮಕ್ಕಳನ್ನು ಕರೆದೆ. ಒಬ್ಬ ಅಜ್ಜಿಯ ಮನೆಯಿಂದ ಒನಕೆ ತಂದೆವು. ‘ಗ್ರಹಣದ ದಿನ ಬಿಟ್ಟು ಒನಕೆ ನಿಲ್ಲಲ್ಲ ಕಣಮ್ಮ’ ಅಂದರು ಅಜ್ಜಿ. ನಿಲ್ಲಿಸಿದೆವು, ನಿಂತಿತು. ಬುಡ ಸಮ ಇದ್ದರೆ ಯಾವ ದಿನವಾದರೂ ನಿಲ್ಲುತ್ತದೆ. ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಅದರ ನೆರಳು ಎಳೆದುಕೊಳ್ಳುತ್ತಾ ಎಳೆದುಕೊಳ್ಳುತ್ತಾ ಬುಡದೊಳಗೆ ಸೇರಿಹೋಯಿತು. ಮೂವತ್ತು ಮಕ್ಕಳು ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದರು. ಅಜ್ಜಿಯೂ ಬಗ್ಗಿದ್ದರು. ಆ ಸಂಜೆ ಕ್ರೇಟಿನಲ್ಲಿದ್ದ ಸೂರ್ಯ, ನಕ್ಷತ್ರದ ಪುಸ್ತಕ ಒಂದೂ ಉಳಿಯಲಿಲ್ಲ.

ಇನ್ನೊಂದು, ದನದ ಪದ ಹುಡುಕುವ ಆಟ. ಮನೆಯ ಹಿರಿಯರನ್ನು ಕೇಳಿ ಕೊಟ್ಟಿಗೆಯ ಪದ ಬರೆದು ತನ್ನಿ ಅಂದೆ. ಮೂಗುದಾರ, ಕಣ್ಣಿ, ದಾವಣಿ, ಮಿಣಿ, ಬಾರುಕೋಲು ಅಂತ ಅರವತ್ತಕ್ಕೂ ಜಾಸ್ತಿ ಪದ ಬಂದವು. ನನಗೇ ಗೊತ್ತಿಲ್ಲದವು ಹತ್ತಾದರೂ ಇದ್ದವು. ಕಂಪ್ಯೂಟರಿನಲ್ಲಿ ಕಥೆ ತೋರಿಸುವ ಪ್ರಯತ್ನ ಮಾತ್ರ ಕರೆಂಟಿನಿಂದಾಗಿ ಕೆಟ್ಟಿತು. ಬದಲಿಗೆ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಯ ವೆಬ್‌ಸೈಟಿನಿಂದ ಉಚಿತ ಕನ್ನಡ ಕಥೆ ಇಳಿಸಿ, ಪ್ರಿಂಟ್ ತೆಗೆದು, ದಾರದಲ್ಲಿ ಹೊಲಿದೆವು. ಗೆದ್ದಲಿಗೆ ಬೀರುವಿನಲ್ಲಿ ಬಜೆ ಬೇರು ಇಟ್ಟು ನೋಡುತ್ತಿದ್ದೇನೆ. ಎಂಟು ತಿಂಗಳಾಯಿತು, ಇನ್ನೂ ಬಂದಿಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಚೀಲಕ್ಕೆ 1,200, ಕ್ರೇಟು ಎರಡಕ್ಕೆ 300, ಡ್ರಾಯಿಂಗ್ ಹಾಳೆ, ಬಣ್ಣ 900, ಬೈಂಡಿಂಗ್ ಟೇಪು, ವಹಿ ಸೇರಿ 500, ಪ್ರಿಂಟಿಗೆ 600. ಒಟ್ಟು ಮೂರೂವರೆ ಸಾವಿರ. ಪಂಚಾಯಿತಿಯಿಂದ 2,500 ಬಂತು, ಅದೂ ಜುಲೈನಲ್ಲಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ, ಆ ಲೆಕ್ಕ ವಿನಯದಿಂದಲೇ ಆದರೂ ಬಿಡದೆ ಕೇಳಿ. ಬೆಂಗಳೂರಿನಲ್ಲಿರುವ ನಮ್ಮೂರಿನವರೊಬ್ಬರು 120 ಮಕ್ಕಳ ಪುಸ್ತಕ ಕೊಡಿಸಿದರು. ಅದಿಲ್ಲದಿದ್ದರೆ ಇದು ನಡೆಯುತ್ತಿರಲಿಲ್ಲ. ಬೀರುವಿನಲ್ಲಿ ಇದ್ದದ್ದರಲ್ಲಿ ಅರ್ಧ ಕಾಲೇಜಿನವರಿಗೂ ಗಟ್ಟಿ ಅನ್ನಿಸುವ ಪುಸ್ತಕ.

ಕಳೆದುಹೋದದ್ದು ಹನ್ನೊಂದು. ಅದಲ್ಲದೆ ಇನ್ನೊಂದನ್ನು ಕರು ತಿಂದಿತ್ತು. ರಟ್ಟಿನ ಮೂಲೆ ಅರ್ಧಚಂದ್ರದ ಹಾಗೆ ಹೋಗಿದೆ, ಉಳಿದದ್ದು ಓದಲು ಬರುತ್ತದೆ, ಈಗಲೂ ಅದಕ್ಕೇ ಜಾಸ್ತಿ ಬೇಡಿಕೆ. ಬೀಗ ಹಾಕಿದ್ದ ಕಾಲದಲ್ಲಿ ಗೆದ್ದಲು ತಿಂದದ್ದು ಇದಕ್ಕಿಂತ ಜಾಸ್ತಿ ಅಂತ ಆಡಿಟ್ ಬಂದಾಗ ಧೈರ್ಯವಾಗಿ ಹೇಳಿದೆ.

ನಾನು ನಿರೀಕ್ಷೆ ಮಾಡದೇ ಇದ್ದದ್ದು ದೊಡ್ಡವರ ವಿಷಯ. ಹಾಲು ಹಾಕಲು ಬರುವ ಹೆಂಗಸರು ‘ನಮಗೇನಾದ್ರೂ ಇದ್ರೆ ಕೊಡಿ’ ಅಂದರು. ಕೆಚ್ಚಲು ಬಾವಿನ ಬಗ್ಗೆ ಇದ್ದ ಒಂದು ತೆಳು ಪುಸ್ತಕ ಮೇ ತಿಂಗಳಲ್ಲಿ ಹದಿನಾಲ್ಕು ಮನೆ ತಿರುಗಿತು. ಆಮೇಲೆ ಕಾದಂಬರಿ ಕೇಳಿದರು. ಕ್ರೇಟಿನ ಮೇಲಿನ ಸಾಲಿನಲ್ಲಿ ಯಾವ ಐದು ಪುಸ್ತಕ, ಯಾವ ಕ್ರಮದಲ್ಲಿ ಇಡುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳಲು ನನಗೆ ಇಡೀ ಒಂದು ಬೇಸಿಗೆ ಬೇಕಾಯಿತು.

ಮೇ ಕೊನೆಗೆ ಶಾಲೆ ಶುರುವಾಯಿತು, ಈಗ ಶನಿವಾರ ಮತ್ತು ಬಟವಾಡೆ ದಿನ ಮಾತ್ರ ಮೇಜು ಹಾಕುತ್ತೇವೆ. ಸಂಜೆಗೆ ಹದಿನೈದು ಇಪ್ಪತ್ತು ಪುಸ್ತಕ ಹೋಗುತ್ತವೆ. ಕ್ರೇಟು ಡೈರಿಯಲ್ಲೇ ಇರುತ್ತದೆ, ಫೀಡ್ ಚೀಲಗಳ ಪಕ್ಕದಲ್ಲಿ. ಕೀಲಿ ಕಾರ್ಯದರ್ಶಿಯವರ ಹತ್ತಿರ.