ಎಎನ್‌ಎ ಪಾಸಿಟಿವ್ ಬಂತಂದ್ರ ಏನ್ ಮಾಡ್ಬೇಕು, ಆ್ಯಂಟಿಆಕ್ಸಿಡೆಂಟ್ ಡಬ್ಬಿ ಯಾಕ ಕೊಳ್ಳಬಾರ್ದು

ಹೋದ ಬ್ಯಾಸಗ್ಯಾಗ ನಮ್ಮಕ್ಕನ ಬೆರಳ ಕೀಲು ಬಾತ್ವು. ಮುಂಜಾನಿ ಎದ್ದಕೂಡ್ಲೆ ಜೋಳದ ರೊಟ್ಟಿ ಬಡಿಲಾಕ ಕೈನೇ ಮಡಚ್ತಿರ್ಲಿಲ್ಲ, ತಾಸಿನ ಮ್ಯಾಲ ಆದ್ಮ್ಯಾಲೇ ಸಡ್ಲ ಆಗ್ತಿತ್ತು. ಕಲಬುರಗ್ಯಾಗ ರಕ್ತ ಕೊಟ್ಟು ಬಂದ್ವಿ, ರಿಪೋರ್ಟ್‌ನ್ಯಾಗ ಎಎನ್‌ಎ (ಸೋಂಕಿನ ಮ್ಯಾಲ ಬೀಳೋ ಬದ್ಲು ನಮ್ದೇ ಜೀವಕೋಶದ ಮ್ಯಾಲ ಬೀಳೋ ಆ್ಯಂಟಿಬಾಡಿ ಹುಡ್ಕೋ ರಕ್ತದ ಟೆಸ್ಟ್) ಪಾಸಿಟಿವ್ ಅಂತ ಬಂತು, ಅವತ್ತೇ ಸಂಜಿಗಿ ಪರಿಚಯದವ್ರೊಬ್ರು ಒಂದ್ ಆ್ಯಂಟಿಆಕ್ಸಿಡೆಂಟ್ ಪುಡಿ ಡಬ್ಬಿ ಹಿಡ್ಕೊಂಡ್ ಬಂದು ಇದು ಆಕ್ಸಿಡೇಟಿವ್ ಸ್ಟ್ರೆಸ್ಸಿಂದ ಬಂದದ, ಕುಡಿದ್ರ ಆ್ಯಂಟಿಬಾಡಿ ಎಲ್ಲಾ ತೊಳ್ಕೊಂಡ್ ಹೋಗ್ತದ ಅಂದ್ರು. ಅವ್ರು ಹೇಳಿದ್ರಾಗ ಅರ್ಧ ಖರೆ ಅದ ನೋಡ್ರಿ, ಅದಕ್ಕೇ ಜನ ಮೋಸ ಹೋಗ್ತಾರ.

ಮೊದ್ಲು ಆ ಖರೆ ಅರ್ಧ ತಿಳ್ಕೋರಿ. ಸ್ಟ್ರೆಸ್ ಅಂದಕೂಡ್ಲೆ ಮನಿ ಟೆನ್ಷನ್ ಅನ್ಕೋಬ್ಯಾಡ್ರಿ, ಇದು ಬ್ಯಾರೆ. ಒಲಿ ಉರಿಯುವಾಗ ಕಿಡಿ ಹಾರ್ತಾವಲ್ಲ, ಹಂಗ ನಮ್ ಜೀವಕೋಶದಾಗಿನ ಮೈಟೊಕಾಂಡ್ರಿಯಾ ಉಂಡಿದ್ದನ್ನ ಸುಡುವಾಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಅಂತ ಕಿಡಿ ಹುಟ್ತಾವ. ಆರಸ್ಲಾಕ ಕ್ಯಾಟಲೇಸ್, ಗ್ಲುಟಾಥಿಯೋನ್ ಅಂತ ಮೈಯಾಗೇ ವ್ಯವಸ್ಥಾ ಅದ, ಹಿಂಗ ಕಿಡಿ ಆರ್ಸೋವಕ್ಕೇ ಆ್ಯಂಟಿಆಕ್ಸಿಡೆಂಟ್ ಅಂತಾರ. ಆರ್ಸೋದಕ್ಕಿಂತ ಹಾರೋದು ಜಾಸ್ತಿ ಆದ್ರ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಆ ಕಿಡಿ ನಮ್ದೇ ಪ್ರೋಟೀನಿಗಿ, ಕೊಬ್ಬಿಗಿ, ಡಿಎನ್‌ಎಗಿ ಬಡೀತಂದ್ರ ಅವುಗಳ ರೂಪ ಬದಲಾಗ್ತದ, ಆಗ ನಮ್ ಇಮ್ಯುನಿಟಿ ಮನಿಮಂದಿನೇ ಗುರ್ತು ಹಿಡೀದೆ ಇವ್ನ್ಯಾರೋ ಹೊರಗಿನವ ಅಂತ ಆ್ಯಂಟಿಬಾಡಿ ಮಾಡಿಬಿಡ್ಬಹುದು, ಅದೇ ಆಟೋಆ್ಯಂಟಿಬಾಡಿ. ಲೂಪಸ್ (ಇಮ್ಯುನಿಟಿ ತನ್ನ ಮೈಮ್ಯಾಲೇ ತಿರುಗಿ ಬೀಳೋ ಒಂದು ರೋಗ) ಇದ್ದವ್ರ ಆ್ಯಂಟಿಬಾಡಿಗಳು ಸಾದಾ ಡಿಎನ್‌ಎಗಿಂತ ಹಿಂಗ ಕೆಟ್ಟ ಡಿಎನ್‌ಎಗೇ ಗಟ್ಟಿ ಅಂಟ್ಕೊಳ್ಳೋದನ್ನ ನೋಡ್ಯಾರ. ಆ್ಯಂಟಿಬಾಡಿ ಹೋಗಿ ಕುಂತಲ್ಲಿಗಿ ಬಿಳಿ ರಕ್ತಕಣ ಓಡಿ ಬಂದು ಮತ್ತಿಷ್ಟು ಕಿಡಿ ಉಗುಳ್ತಾವ, ಮತ್ತ ಪ್ರೋಟೀನ್ ಕೆಡ್ತದ, ಮತ್ತ ಆ್ಯಂಟಿಬಾಡಿ, ಗಾಣದೆತ್ತು ತಿರಗ್ದಂಗ.

ಹಂಗಂದ್ರ ಕಿಡಿ ಎಲ್ಲಾ ಆರಿಸಿಬಿಟ್ರ ಆಯ್ತಲ್ಲ ಅಂತೀರಿ. ಇಲ್ರೀ. ಬಿಳಿ ಕಣಕ್ಕ ಈ ಕಿಡಿ ಮಾಡ್ಲಾಕೇ ಬರದಂಗ ಹುಟ್ಟಿದ ಮಂದಿ ಅದಾರ, ಅವ್ರಿಗಿ ಸೋಂಕು ವಿಪರೀತ ಆಗ್ತದ, ಮ್ಯಾಲ ಲೂಪಸ್‌ನಂಥ ಆಟೋಇಮ್ಯೂನ್ ತ್ರಾಸೂ ಜಾಸ್ತಿ. ಇಮ್ಯುನಿಟಿ ಹದ್ದಿನ್ಯಾಗ ಇಡ್ಲಾಕೂ ಕಿಡಿ ಬೇಕು. ಮತ್ತ ಫಿನ್ಲೆಂಡಿನ್ಯಾಗ ಸಿಗರೇಟ್ ಸೇದವ್ರಿಗಿ ಬೀಟಾ ಕ್ಯಾರೊಟಿನ್ ಅನ್ನೋ ಆ್ಯಂಟಿಆಕ್ಸಿಡೆಂಟ್ ಗುಳಗಿ ವರ್ಷಗಟ್ಲೆ ಕೊಟ್ಟು ನೋಡಿದ್ರು, 1994ರಾಗ ಲೆಕ್ಕ ಹೊರಗ ಬಂತು, ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋದು ಬಿಟ್ಟು 18 ಪರ್ಸೆಂಟ್ ಜಾಸ್ತಿನೇ ಆಗಿತ್ತು.

ಈಗ ರಿಪೋರ್ಟ್ ಓದೋದು. ಪಾಸಿಟಿವ್ ಅನ್ನೋ ಶಬ್ದ ಬಿಡ್ರಿ, ಬಾಜೂಕ 1:80, 1:160 ಅಂತ ಟೈಟರ್ ಇರ್ತದ ಅದನ್ನ ನೋಡ್ರಿ; ರಕ್ತ ಎಷ್ಟು ಪಟ್ಟು ತೆಳು ಮಾಡಿದ್ರೂ ಆ್ಯಂಟಿಬಾಡಿ ಕಾಣ್ತದ ಅನ್ನೋ ಲೆಕ್ಕ ಅದು. ಏನೂ ರೋಗ ಇಲ್ದ ಮಂದ್ಯಾಗೂ ನೂರಕ್ಕ ಸುಮಾರು 13 ಜನಕ್ಕ 1:80 ಬರ್ತದ, 5 ಜನಕ್ಕ 1:160 ಬರ್ತದ. ಹಂಗಾಗಿ ಬರೇ ಕಾಗದ ನೋಡಿ ಅಳಕೋತ ಕೂಡಬ್ಯಾಡ್ರಿ, ಮೈ ಏನ್ ಹೇಳ್ತದ ಬರ್ಕೋರಿ: ಮುಂಜಾನಿ ಕೀಲು ಎಷ್ಟೊತ್ತು ಬಿಗೀತಾವ, ಬಿಸಿಲಿಗಿ ಹೋದ್ರ ಮಾರಿ ಕೆಂಪಾಗ್ತದೇನು, ಬಾಯಾಗ ಹುಣ್ಣು, ಕೂದ್ಲು ಉದುರೋದು, ಮೂತ್ರದಾಗ ನೊರಿ. ಈ ಚೀಟಿ ತಗೊಂಡು ರುಮಟಾಲಜಿಸ್ಟ್ (ಕೀಲು, ಆಟೋಇಮ್ಯೂನ್ ರೋಗದ ಡಾಕ್ಟರ್) ಹತ್ರ ಹೋಗ್ರಿ. ಕೀಲಿಂದಾದ್ರ ಆ್ಯಂಟಿ ಸಿಸಿಪಿ (ಇಮ್ಯುನಿಟಿಯಿಂದ ಬರೋ ಸಂಧಿವಾತದ ಆ್ಯಂಟಿಬಾಡಿ) ಮಾಡಿಸ್ತಾರ, ಲೂಪಸ್ ಸಂಶಯ ಇದ್ರ ಡಿಎಸ್‌ಡಿಎನ್‌ಎ (ಡಿಎನ್‌ಎ ಮ್ಯಾಲಿನ ಆ್ಯಂಟಿಬಾಡಿ), ಸಿ3, ಸಿ4 (ಇಮ್ಯುನಿಟಿಯ ಪ್ರೋಟೀನ್), ಮೂತ್ರ ಟೆಸ್ಟ್ ಮಾಡಿಸ್ತಾರ. ಎಎನ್‌ಎ ತಿಂಗ್ಳಿಗೊಮ್ಮಿ ಮಾಡ್ಸೋದು ರೊಕ್ಕ ದಂಡ, ರೋಗ ಏರೋದು ಇಳಿಯೋದು ಅದ್ರಾಗ ತಿಳ್ಯಂಗಿಲ್ಲ.

ಗಾಣದೆತ್ತು ನಿಲ್ಲಸ್ಲಾಕ ನಮ್ ಕೈಯಾಗ ಇರೋದು ಸ್ವಲ್ಪೇ. ಬೀಡಿ ಸಿಗರೇಟ್ ಮೊದ್ಲು. ಹೊಗಿ ಹೋದಲ್ಲಿ ಶ್ವಾಸಕೋಶದಾಗ ಪ್ರೋಟೀನಿನ ರೂಪ ಬದಲಾಯಿಸೋ ಕೆಲ್ಸ ಜೋರಾಗ್ತದ, ಆ್ಯಂಟಿ ಸಿಸಿಪಿ ಅನ್ನೋದು ಆ ಬದಲಾದ ಪ್ರೋಟೀನಿನ ಮ್ಯಾಲಿನ ಸಿಟ್ಟೇ. ಒಸಡಿನ ರೋಗಕ್ಕೂ ಈ ಸಂಧಿವಾತಕ್ಕೂ ನಂಟು ಅದ, ಹಲ್ಲಿನ ಡಾಕ್ಟರ್ ಕಡಿ ಒಮ್ಮಿ ಹೋಗ್ರಿ. ಇನ್ನ ನಮ್ ಕಡಿ ಶಹಾಬಾದ, ಸೇಡಂ, ಚಿತ್ತಾಪುರ ಸುತ್ತ ಕಲ್ಲು ಕೊಯ್ಯೋ ಪಾಲಿಶ್ ಮಾಡೋ ಕೆಲ್ಸದವ್ರು ಭಾಳ ಅದಾರ, ಧೂಳಿನ್ಯಾಗ ಸಿಲಿಕಾ (ಉಸುಕಿನ್ಯಾಗಿರೋ ಖನಿಜ) ಇದ್ರ ಸಂಧಿವಾತ ಲೂಪಸ್ ಎರಡ್ರದ್ದೂ ರಿಸ್ಕ್ ಏರ್ತದ, ಇದನ್ನ ಮಾತ್ರ ಯಾರೂ ಹೇಳಂಗಿಲ್ಲ. ನೀರು ಬಿಟ್ಕೋತ ಕೊಯ್ಯಿಸ್ರಿ, ಗಟ್ಟಿ ಮಾಸ್ಕ್ ಹಾಕ್ರಿ, ವಸ್ತ್ರ ಕಟ್ಗೊಂಡ್ರ ಸಣ್ಣ ಧೂಳ್ ತಡ್ಯಂಗಿಲ್ಲ. ಲೂಪಸ್ ಇದ್ದವ್ರು ಬಿಸಿಲಿಂದ ದೂರ ಇರ್ಬೇಕು, ಸೆಖಿಗಲ್ಲ, ಅಲ್ಟ್ರಾವೈಲೆಟ್ ಕಿರಣಕ್ಕ; ಹಂಗಾಗಿ ಚಳಿಗಾಲದ ಮಧ್ಯಾಹ್ನಕ್ಕೂ ಛತ್ರಿ, ತುಂಬು ತೋಳಿನ ಅಂಗಿ ಬೇಕು.

ಊಟದ್ದು ಭಾಳ ತಲಿ ಕೆಡಿಸ್ಕೋಬ್ಯಾಡ್ರಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಅಗಸಿ ಹಿಂಡಿ ಸಾಕು, ಇವು ಔಷಧ ಅಲ್ಲ ಊಟ ಅಷ್ಟೇ. ಕರಿದ ಎಣ್ಣಿನೇ ಮತ್ತ ಮತ್ತ ಕಾಸೋ ಮಿರ್ಚಿ ಭಜಿ ಮಾತ್ರ ಕಮ್ಮಿ ಮಾಡ್ರಿ (ನಂಗೂ ಬಿಡ್ಲಾಕ ಆಗಿಲ್ಲ).

ಅಕ್ಕಂದು ಆ್ಯಂಟಿ ಸಿಸಿಪಿ ಏರಿತ್ತು, ಸಂಧಿವಾತಕ್ಕ ಮೆಥೊಟ್ರೆಕ್ಸೇಟ್ ಅನ್ನೋ ಔಷಧ ಬರ್ದ್ರು. ಇದು ವಾರಕ್ಕೊಮ್ಮಿ ತಗೊಳ್ಳೋ ಗುಳಗಿ, ದಿನಾ ನುಂಗಿದ್ರ ಜೀವಕ್ಕೇ ಅಪಾಯ, ಅದಕ್ಕ ಕ್ಯಾಲೆಂಡರ್‌ದಾಗ ಪ್ರತಿ ಸೋಮವಾರಕ್ಕ ಕೆಂಪು ಗುಂಡಾ ಹಾಕೀವಿ. ಪರಿಚಯದವ್ರು ಕೊಟ್ಟ ಆ ಪುಡಿ ಡಬ್ಬಿನೂ ಸಂಗಾಟ ಒಯ್ದಿದ್ವಿ. ಡಾಕ್ಟರ್ ಡಬ್ಬಿ ಹಿಂದಿನ ಲೇಬಲ್ ಓದಿ ಇದ್ರಾಗ ಬಯೋಟಿನ್ (ಒಂದು ಬಿ ವಿಟಮಿನ್) ಅದ, ಥೈರಾಯ್ಡ್ ಟೆಸ್ಟ್ ತಪ್ಪು ತೋರಿಸ್ತದ, ಟೆಸ್ಟಿಗಿ ಎರಡು ದಿನ ಮೊದ್ಲೇ ಬಿಡ್ಬೇಕು ಅಂದ್ರು. ನಿಮ್ ಮನ್ಯಾಗೂ ಹಿಂಥಾ ಡಬ್ಬಿ ಇದ್ರ ಮುಚ್ಚಿಡಬ್ಯಾಡ್ರಿ, ಒಯ್ದು ತೋರಸ್ರಿ.