ಕಬ್ಬಿನ ಟ್ರಾಲಿ ಕಟ್ಟುವ ಮುನ್ನ: ಪಿನ್, ಭಾರ, ಬ್ರೇಕ್

ನುರಿಸುವ ಹಂಗಾಮು ಶುರುವಾಯಿತೆಂದರೆ ಅಥಣಿ, ರಾಯಬಾಗ, ಮುಧೋಳ, ಜಮಖಂಡಿ, ಇಂಡಿ ಕಡೆಯ ರಸ್ತೆಗಳಲ್ಲಿ ಹಗಲು ರಾತ್ರಿ ಕಬ್ಬಿನ ಟ್ರ್ಯಾಕ್ಟರ್‌ಗಳದ್ದೇ ಓಡಾಟ. ಎಂಜಿನ್ನಿಗೆ ಎಳೆಯುವ ತಾಕತ್ತು ಇದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡಿ ಬಹಳ ಮಂದಿ ಟ್ರಾಲಿ ಕಟ್ಟುತ್ತಾರೆ. 50 ಎಚ್‌ಪಿ ಟ್ರ್ಯಾಕ್ಟರ್ ಸಪಾಟು ಡಾಂಬರು ರಸ್ತೆಯಲ್ಲಿ ಹತ್ತು ಟನ್ನನ್ನು ಸಲೀಸಾಗಿ ಎಳೆಯುತ್ತದೆ. ಆದರೆ ಅದರ ಸ್ವಂತ ತೂಕ ಎರಡು ಟನ್ ಚಿಲ್ಲರೆ. ಇಳಿಜಾರಿನಲ್ಲಿ ಹಿಂದಿನಿಂದ ನೂಕುವ ಹತ್ತು ಟನ್ನನ್ನು ತಡೆಯಬೇಕಾದದ್ದೂ ಆ ಎರಡು ಟನ್ನೇ. ಅನಾಹುತಗಳು ಹುಟ್ಟುವುದು ಈ ಲೆಕ್ಕ ತಪ್ಪಿದಾಗ. ಎರಡು ಗಾಲಿಯ, ಅಂದರೆ ಒಂದೇ ಅಚ್ಚಿನ ಟ್ರಾಲಿಯನ್ನು ಮುಖ್ಯವಾಗಿ ಇಟ್ಟುಕೊಂಡು ಕ್ರಮವಾಗಿ ನೋಡೋಣ.

ಪಿನ್ನಿನಿಂದ ಶುರು

ಟ್ರ್ಯಾಕ್ಟರಿನ ಹಿಂದಿನ ಹುಕ್ಕಿಗೆ ಟ್ರಾಲಿ ಕೂಡಿಸಲು ಹಾಕುವ ಪಿನ್ ಕೈಯಲ್ಲಿ ಹಿಡಿದು ನೋಡಿ. ಟ್ರಾಲಿಯ ಮುಂದೆ ಚಾಚಿದ ದಂಡದ ತುದಿಯ ಬಳೆ ಕೂರುವ ಜಾಗದಲ್ಲಿ ಅದು ಸವೆದು ಸೊಂಟ ಬಿದ್ದಿರುತ್ತದೆ. ವರ್ನಿಯರ್‌ನಿಂದ ಅಲ್ಲಿಯ ದಪ್ಪ ಅಳೆಯಿರಿ, ಸವೆಯದ ಮೇಲ್ಭಾಗವನ್ನೂ ಅಳೆಯಿರಿ. 30 ಮಿ.ಮೀ. ಪಿನ್ 27ಕ್ಕೆ ಇಳಿದಿದ್ದರೆ ಕಣ್ಣಿಗೆ ಆ ಸವೆತ ದೊಡ್ಡದಾಗಿ ಕಾಣುವುದಿಲ್ಲ. ತುಂಡಾಗದೆ ತಾಳುವ ಶಕ್ತಿ ಮಾತ್ರ ಸುಮಾರು ಐದರಲ್ಲಿ ಒಂದು ಪಾಲು ಹೋಗಿರುತ್ತದೆ. ಅಷ್ಟು ಸವೆದ ಪಿನ್ ಗುಜರಿಗೆ ಹಾಕಿ. ಅದರ ಬದಲು ಕಟ್ಟಡದ ಸರಳಿನ ತುಂಡು, ಹಳೆಯ ಬೋಲ್ಟ್ ತುರುಕುವುದು ಈ ಭಾಗದಲ್ಲಿ ಸಾಮಾನ್ಯ. ದಯವಿಟ್ಟು ಹಾಗೆ ಮಾಡಬೇಡಿ. ಸರಳು ಮೊದಲು ಬಾಗುತ್ತದೆ, ಬಾಗಿದ ಮೇಲೆ ಪ್ರತಿ ಗುಂಡಿಗೂ ಇಷ್ಟಿಷ್ಟೇ ಮೇಲೆ ಸರಿಯುತ್ತದೆ. ಪಿನ್ನಿನ ಕೆಳತುದಿಗೆ ಕ್ಲಿಪ್ ಇರಲೇಬೇಕು. ಪಿನ್ ಹಾರಿ ಬೀಳುವುದಕ್ಕೆ ಕ್ಲಿಪ್ ಇಲ್ಲದ್ದೇ ಹೆಚ್ಚಿನ ಸಲ ಕಾರಣ.

ಜೋಡಿಸುವಾಗ ನೆಲ ಸಪಾಟಾಗಿರಲಿ. ಟ್ರಾಲಿಯ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ದಿಮ್ಮಿ ಕೊಡಿ. ಟ್ರ್ಯಾಕ್ಟರನ್ನು ಕೆಳಗಿನ ಗೇರಿನಲ್ಲಿ ರಿವರ್ಸ್ ತನ್ನಿ. ಆ ಹೊತ್ತಿನಲ್ಲಿ ಟ್ರ್ಯಾಕ್ಟರ್ ಮತ್ತು ಟ್ರಾಲಿಯ ನಡುವೆ ಯಾರೂ ನಿಲ್ಲಕೂಡದು. ‘ಇನ್ನೊಂಚೂರು ಬಾ’ ಎನ್ನುತ್ತ ಬಳೆ ಹಿಡಿದು ನಿಲ್ಲುವ ಹುಡುಗ ಕ್ಲಚ್ ಜಾರಿದರೆ ತಪ್ಪಿಸಿಕೊಳ್ಳಲಾರ. ತೂತಿಗೆ ತೂತು ಕೂಡಿದ ಮೇಲೆ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಡ್ರೈವರ್ ‘ಹೂಂ’ ಎಂದ ಮೇಲಷ್ಟೇ ಇನ್ನೊಬ್ಬರು ಒಳಗೆ ಹೋಗಿ ಪಿನ್ ಇಳಿಸಬೇಕು.

ಆಮೇಲೆ ಎರಡು ಸರಪಳಿ. ಟ್ರಾಲಿ ದಂಡದ ಎಡದಿಂದ ಟ್ರ್ಯಾಕ್ಟರಿನ ಬಲಕ್ಕೆ, ಬಲದಿಂದ ಎಡಕ್ಕೆ, ದಂಡದ ಕೆಳಗೆ ಅಡ್ಡಹಾಯುವಂತೆ ಹಾಕಿ. ಪಿನ್ ಮುರಿದರೆ ದಂಡ ಆ ಸರಪಳಿಗಳ ಮೇಲೆ ಕೂರುತ್ತದೆ. ಸರಪಳಿ ಇಲ್ಲದಿದ್ದರೆ ಅದು ರಸ್ತೆಗೆ ನಾಟಿ ಟ್ರಾಲಿಯನ್ನೇ ಮಗುಚುತ್ತದೆ. ತಿರುವಿನಲ್ಲಿ ಬಿಗಿಯಾಗದಷ್ಟು, ನೆಲಕ್ಕೆ ತಾಗದಷ್ಟು ಉದ್ದ ಸಾಕು.

ಇಷ್ಟಾದ ಮೇಲೆ ಲೈಟಿನ ಪ್ಲಗ್ ಚುಚ್ಚಿ, ಟ್ರಾಲಿಗೆ ಬ್ರೇಕ್ ಪೈಪ್ ಇದ್ದರೆ ಕೂಡಿಸಿ, ಸ್ಟ್ಯಾಂಡ್ ಎತ್ತಿ, ದಿಮ್ಮಿ ತೆಗೆಯಿರಿ. ಐದು ಮೀಟರ್ ಮುಂದೆ ಹೋಗಿ ಬ್ರೇಕ್ ಹಿಡಿದು, ಇಳಿದು ಪಿನ್ ಇನ್ನೊಮ್ಮೆ ನೋಡಿ.

ಟಾಪ್ ಲಿಂಕ್ (ನೇಗಿಲು, ಕುಂಟೆ ಹಿಡಿಯುವ ಮೇಲಿನ ತೋಳು) ಕೂರುವ ಜಾಗಕ್ಕೆ, ಹಿಂದಿನ ಅಚ್ಚಿಗೆ ಸರಪಳಿ ಸುತ್ತಿ ಎಳೆಯುವುದು ಎಂದೂ ಬೇಡ. ಎಳೆತ ಅಚ್ಚಿಗಿಂತ ಮೇಲಿನಿಂದ ಬಂದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ.

ಕಬ್ಬು ಎಲ್ಲಿ ಕೂರುತ್ತದೆ

ಎಷ್ಟು ಟನ್ ಎಂದು ಎಲ್ಲರೂ ಕೇಳುತ್ತಾರೆ. ಆ ಟನ್ ಟ್ರಾಲಿಯಲ್ಲಿ ಎಲ್ಲಿ ಕೂತಿದೆ ಎಂದು ಕೇಳುವವರು ಕಡಿಮೆ. ಒಂದೇ ಅಚ್ಚಿನ ಟ್ರಾಲಿಯಲ್ಲಿ ಭಾರ ಅಚ್ಚಿಗಿಂತ ಹಿಂದೆ ಹೆಚ್ಚಾದರೆ ದಂಡ ಮೇಲಕ್ಕೆ ಎದ್ದು ಟ್ರ್ಯಾಕ್ಟರಿನ ಹಿಂಭಾಗವನ್ನೇ ಎತ್ತುತ್ತದೆ. ಹಿಂದಿನ ದೊಡ್ಡ ಗಾಲಿಗಳ ಹಿಡಿತ ಸಡಿಲವಾಗಿ ಟ್ರಾಲಿ ಅತ್ತಿತ್ತ ಓಲಾಡಲು ಶುರು. ಭಾರ ಮುಂದೆ ಅತಿಯಾದರೆ ಹುಕ್ಕಿನ ಮೇಲೆ ಕೂತು ಟ್ರ್ಯಾಕ್ಟರಿನ ಮೂತಿ ಹಗುರವಾಗುತ್ತದೆ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಹುಕ್ಕಿನ ಮೇಲೆ ಬೀಳುವುದು ಒಳ್ಳೆಯ ಅಳತೆ.

ಅದರ ಪರಿಣಾಮವನ್ನು ಒಂದು ಉದಾಹರಣೆಯಲ್ಲಿ ನೋಡಿ. ಟ್ರ್ಯಾಕ್ಟರ್ ತೂಕ 2,200 ಕೆ.ಜಿ., ಅದರಲ್ಲಿ ಮುಂದಿನ ಗಾಲಿಗಳ ಮೇಲೆ 880. ಮುಂದಿನ ಹಿಂದಿನ ಅಚ್ಚುಗಳ ಅಂತರ 2 ಮೀಟರ್, ಹುಕ್ ಇರುವುದು ಹಿಂದಿನ ಅಚ್ಚಿನಿಂದ 60 ಸೆಂ.ಮೀ. ಹಿಂದೆ. ಹತ್ತು ಟನ್ ಟ್ರಾಲಿ ಹುಕ್ಕಿನ ಮೇಲೆ 1,000 ಕೆ.ಜಿ. ಒತ್ತಿದರೆ ಮುಂದಿನ ಗಾಲಿಗಳಿಂದ 300 ಕೆ.ಜಿ. ಎದ್ದುಹೋಗಿ 580 ಉಳಿಯುತ್ತದೆ. ಸಪಾಟು ರಸ್ತೆಗೆ ಇದು ಸಾಕು. ಈಗ ಹೊಲದಿಂದ ರಸ್ತೆಗೆ ಏರುವ ಬದು ಬಂತು ಅನ್ನಿ. ಹತ್ತು ಮೀಟರಿಗೆ ಒಂದು ಮೀಟರ್ ಏರು, ಜೊತೆಗೆ ಮೆತ್ತನೆಯ ಮಣ್ಣಿನ ಅಡ್ಡಿ ಸೇರಿ ಎಳೆತ 1,500 ಕೆ.ಜಿ. ಆಗುತ್ತದೆ. ಹುಕ್ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದ್ದರೆ ಇನ್ನೂ 375 ಕೆ.ಜಿ. ಹೋಯಿತು. ಉಳಿದದ್ದು 205. ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರ್ ತೂಕದ ಐದನೇ ಒಂದು ಪಾಲಾದರೂ, ಅಂದರೆ ಇಲ್ಲಿ 440 ಕೆ.ಜಿ., ಮುಂದಿನ ಗಾಲಿಗಳ ಮೇಲಿರಬೇಕು. ಬದು ಹತ್ತುವಾಗ ಮೂತಿ ಎದ್ದು ಕುಣಿಯುವುದು ಇದೇ ಕಾರಣಕ್ಕೆ. ಅದನ್ನು ಡ್ರೈವರನ ಗಟ್ಟಿತನ ಎಂದು ಹೊಗಳುವವರಿದ್ದಾರೆ. ಒಮ್ಮೆ ಎದ್ದ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದು ಸೆಕೆಂಡು ಸಾಕು ಎಂಬುದು ಅವರಿಗೆ ಗೊತ್ತಿರಲಿ.

ಮೇಲಿನ ಉದಾಹರಣೆಯಲ್ಲಿ ಮುಂದಿನ ಬಂಪರಿಗೆ ಸುಮಾರು 180 ಕೆ.ಜಿ. ಬೀಡು ಕಬ್ಬಿಣದ ತೂಕ ಕಟ್ಟಿದರೆ ಕೊರತೆ ತುಂಬುತ್ತದೆ. ಬಂಪರ್ ಮುಂದಿನ ಅಚ್ಚಿಗಿಂತಲೂ ಮುಂದೆ ಇರುವುದರಿಂದ ಕಟ್ಟಿದ್ದಕ್ಕಿಂತ ಹೆಚ್ಚಿನ ಒತ್ತು ಸಿಗುತ್ತದೆ. ಎಷ್ಟು ಕಟ್ಟಬಹುದೆಂಬ ಮಿತಿ ಟ್ರ್ಯಾಕ್ಟರಿನ ಕೈಪಿಡಿಯಲ್ಲಿದೆ, ಅದನ್ನು ಮೀರಬೇಡಿ. ತೂಕ ಸಿಗದಿದ್ದರೆ ಬದುವಿನ ಏರನ್ನೇ ಮಣ್ಣು ಹಾಕಿ ಉದ್ದ ಮಾಡಿ, ಅಥವಾ ಹೊಲದಲ್ಲಿ ಕಡಿಮೆ ತುಂಬಿ. ನಿಮ್ಮ ಗಾಡಿಯ ಲೆಕ್ಕ ತಿಳಿಯಲು ಗಾಡಿ ತೂಗುವ ಕಾಟಾದ ಮೇಲೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ ತೂಗಿಸಿ: ಒಮ್ಮೆ ಟ್ರಾಲಿ ಇಲ್ಲದೆ, ಒಮ್ಮೆ ತುಂಬಿದ ಟ್ರಾಲಿಯೊಂದಿಗೆ. ಕಾಟಾದವರಿಗೆ ಎರಡು ನಿಮಿಷದ ಕೆಲಸ.

ತುಂಬುವಾಗ ಮುಂದಿನ ಹಲಗೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಖಾಲಿ ಟ್ರಾಲಿಯ ಬಾಲದಲ್ಲೇ ಸೂಡುಗಳನ್ನು ಪೇರಿಸಿದರೆ ತುಂಬುತ್ತಿರುವಾಗಲೇ ದಂಡ ಮೇಲೇಳುತ್ತದೆ. ಇಳಿಸುವಾಗ ಉಲ್ಟಾ, ಹಿಂದಿನದ್ದು ಮೊದಲು. ಬದಿಗಳಿಗೆ ಚಾಚಿದ ಕಬ್ಬು ಹಿಂದಿನ ಲೈಟನ್ನು ಮುಚ್ಚುತ್ತದೆ, ಎದುರು ಬರುವ ಬೈಕಿನವರಿಗೆ ತಾಗುತ್ತದೆ. ಅದನ್ನು ಕತ್ತರಿಸಿಯೇ ಹೊರಡಿ. ಹೊಲದ ಮೇಲೆ ಕರೆಂಟಿನ ತಂತಿ ಜೋತಿದ್ದರೆ ಅದರ ಕೆಳಗೆ ಟ್ರಾಲಿ ನಿಲ್ಲಿಸಿ ತುಂಬಬಾರದು. ಕಟಾವು ಗ್ಯಾಂಗಿನವರು ಲೋಡಿನ ಮೇಲೋ ದಂಡದ ಮೇಲೋ ಕೂತು ಬರುವುದೂ ಬೇಡ.

ಎರಿ ಭೂಮಿಯಲ್ಲಿ ಕಟಾವಿಗೆ 10–15 ದಿನ ಮೊದಲು ನೀರು ನಿಲ್ಲಿಸಿದರೆ ಟ್ರಾಲಿ ಹೂಳುವ ತಾಪತ್ರಯ ಅರ್ಧ ಕಡಿಮೆ. ಹೂತರೆ ಹಿಂದಿನ ಎರಡೂ ಗಾಲಿಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಶಿಯಲ್ ಲಾಕ್ ಹಾಕಿ ನೇರವಾಗಿ ಎಳೆಯಿರಿ, ತಿರುಗಿಸುವ ಮುನ್ನ ಬಿಡಿಸಿ. ಮೂತಿ ಏಳುತ್ತಿದೆ ಅನ್ನಿಸಿದ ಕೂಡಲೇ ಕ್ಲಚ್ ಒತ್ತಿ.

ಬ್ರೇಕ್

ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲ್‌ಗಳು ಬೇರೆ ಬೇರೆ ಇರುವುದು ಹೊಲದಲ್ಲಿ ತಟ್ಟನೆ ತಿರುಗಲು. ರಸ್ತೆಗೆ ಬರುವ ಮುನ್ನ ಎರಡನ್ನೂ ಪಟ್ಟಿಯಿಂದ ಕೂಡಿಸಿ. ಕೂಡಿಸದೆ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದು ಬದಿಗೆ ತಿರುಗುತ್ತದೆ, ಹಿಂದಿನ ಟ್ರಾಲಿ ನೇರಕ್ಕೆ ನೂಕುತ್ತದೆ, ಎರಡೂ ಮಡಚಿಕೊಳ್ಳುತ್ತವೆ. ಎರಡೂ ಪೆಡಲ್‌ಗಳ ಸಡಿಲ ಒಂದೇ ಸಮ ಇರಬೇಕು. ಖಾಲಿ ರಸ್ತೆಯಲ್ಲಿ, ಟ್ರಾಲಿ ಇಲ್ಲದೆ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದು ನೋಡಿ. ಗಾಡಿ ಒಂದು ಬದಿಗೆ ಎಳೆದರೆ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ.

ತುಂಬಿದ ಟ್ರಾಲಿಯೊಂದಿಗೆ ವೇಗ 20ರಿಂದ 30ಕ್ಕೆ ಏರಿದರೆ ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಟ್ರಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಆ ಹೊರೆಯೆಲ್ಲ ಟ್ರ್ಯಾಕ್ಟರಿನ ಮೇಲೆ. ಏರ್ ಅಥವಾ ಹೈಡ್ರಾಲಿಕ್ ಬ್ರೇಕ್ ಇರುವ ಟ್ರಾಲಿಗೆ ಹೆಚ್ಚು ಹಣ ಕೊಡಬೇಕಾದರೂ ಕೊಡಿ. ಬ್ರೇಕಿಲ್ಲದ ಟ್ರಾಲಿ ಕಟ್ಟಿದವರು ತುಂಬಿದಾಗ 20 ಮೀರದಿರುವುದು ಕ್ಷೇಮ.

ಇಳಿಜಾರಿನಲ್ಲಿ ಗೇರ್ ಆರಿಸುವುದು ಇಳಿಯುವ ಮೊದಲು. ಅದೇ ಇಳಿಜಾರನ್ನು ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಅದರಲ್ಲೇ ಇಳಿಯಿರಿ, ಎಂಜಿನ್ನೇ ತಡೆಯುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಅತ್ಯಂತ ಕೆಟ್ಟ ಚಾಳಿ. ವೇಗ ಏರಿದ ಮೇಲೆ ಮತ್ತೆ ಗೇರ್ ಬೀಳುವುದಿಲ್ಲ, ಬ್ರೇಕೊಂದೇ ಉಳಿಯುತ್ತದೆ. ಕ್ಲಚ್ ಒತ್ತಿದರೂ ಫಲ ಅದೇ. ವಂಟಮುರಿ ಘಟ್ಟದಂಥ ಕಡೆ, ನದಿ ಸೇತುವೆಗಳಿಗೆ ಇಳಿಯುವ ರಸ್ತೆಗಳಲ್ಲಿ ಇದು ಜೀವದ ಪ್ರಶ್ನೆ. ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಾದರೆ ಇಳಿಯುವಾಗ ಫೋರ್‌ವೀಲ್ ಹಾಕಿಕೊಳ್ಳಿ, ಮುಂದಿನ ಗಾಲಿಗಳೂ ತಡೆಯಲು ನೆರವಾಗುತ್ತವೆ.

ರಸ್ತೆಯಲ್ಲಿ

ತಿರುವಿನಲ್ಲಿ ಟ್ರಾಲಿಯ ಗಾಲಿ ಟ್ರ್ಯಾಕ್ಟರ್ ಗಾಲಿಗಿಂತ ಒಳಗಿನಿಂದ ಹಾಯುತ್ತದೆ. ಎರಡು ಟ್ರಾಲಿ ಇದ್ದರೆ ಎರಡನೆಯದು ಇನ್ನೂ ಒಳಗೆ. ಆದ್ದರಿಂದ ಅಗಲವಾಗಿ ತಿರುಗಿ, ಒಳಬದಿಗೆ ಬೈಕ್ ನುಗ್ಗಿದೆಯೇ ನೋಡಿ. ರಿವರ್ಸಿನಲ್ಲಿ ಟ್ರಾಲಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ಎರಡು ಟ್ರಾಲಿ ಕಟ್ಟಿಕೊಂಡು ರಿವರ್ಸ್ ಹೊಡೆಯುವ ಗೋಜು ಬೇಡ, ಹಿಂದಿನದನ್ನು ಬಿಚ್ಚಿಬಿಡಿ.

ಹೊರಟ ನಾಲ್ಕೈದು ಕಿ.ಮೀ. ಬಳಿಕ ಒಮ್ಮೆ ನಿಲ್ಲಿಸಿ. ಗಾಲಿಯ ನಟ್ಟುಗಳನ್ನು ಪಾನಾ ಹಾಕಿ ನೋಡಿ. ಹಬ್ಬಿನ ಹತ್ತಿರ ಅಂಗೈ ಒಯ್ಯಿರಿ. ಒಂದು ಬದಿ ಮಾತ್ರ ಕಾದಿದ್ದರೆ ಬೇರಿಂಗಿನಲ್ಲಿ ಗ್ರೀಸ್ ಇಲ್ಲ, ಅಥವಾ ಬ್ರೇಕ್ ಹಿಡಿದುಕೊಂಡಿದೆ.

ದೊಡ್ಡ ಸ್ಪೀಕರ್ ಹಾಕಿಕೊಂಡು ಹೋಗುವವರಿಗೆ ಹಿಂದಿನ ಬಸ್ಸಿನ ಹಾರ್ನ್ ಕೇಳುವುದಿಲ್ಲ, ಅಚ್ಚು ಕಿರುಗುಟ್ಟುವುದೂ ಕೇಳುವುದಿಲ್ಲ. ರಸ್ತೆಯಲ್ಲಿ ಹಾಡು ಬಂದ್ ಇರಲಿ.

ರಾತ್ರಿಯ ಅಪಘಾತಗಳಲ್ಲಿ ಪದೇ ಪದೇ ಕೇಳಿಬರುವುದು ಕತ್ತಲಲ್ಲಿ ನಿಂತ ಟ್ರಾಲಿಗೆ ಹಿಂದಿನಿಂದ ಬೈಕ್ ಗುದ್ದಿದ್ದು. ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ ಪ್ರತಿಫಲಕ ಪಟ್ಟಿ ಅಂಟಿಸಿ, ದಿನಾ ಒದ್ದೆ ಬಟ್ಟೆಯಿಂದ ಒರೆಸಿ. ಧೂಳು ಮೆತ್ತಿದ ಪಟ್ಟಿ ಇದ್ದೂ ಇಲ್ಲದಂತೆ. ಸಂಜೆ ಐವತ್ತು ಹೆಜ್ಜೆ ಹಿಂದೆ ನಿಂತು ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಎಲ್ಲಿ ಹೊಳೆಯುತ್ತಿಲ್ಲ ಎಂದು ತಿಳಿಯುತ್ತದೆ. ಪಂಕ್ಚರ್ ಆದರೆ ರಸ್ತೆ ಬಿಟ್ಟು ಕೆಳಗಿಳಿಸಿ. ಆಗದಿದ್ದರೆ ಸುಮಾರು 50 ಮೀಟರ್ ಹಿಂದೆ ಹೊಳೆಯುವ ತ್ರಿಕೋನ ಇಟ್ಟು ಒಬ್ಬರನ್ನು ಟಾರ್ಚ್ ಕೊಟ್ಟು ನಿಲ್ಲಿಸಿ. ಗಾಲಿಗೆ ಅಡ್ಡ ಕೊಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗುವುದು ಇನ್ನೊಬ್ಬರ ಪ್ರಾಣಕ್ಕೆ ಕುತ್ತು. ಎತ್ತಿ ಬದಿಗೆಸೆಯಿರಿ.

ಟ್ರಾಲಿಗೂ ಪ್ರತ್ಯೇಕ ನೋಂದಣಿ ಸಂಖ್ಯೆ ಬೇಕು. ವಿಮೆಯಲ್ಲಿ ಟ್ರಾಲಿ ಸೇರಿದೆಯೇ ಎಂಬುದನ್ನು ಹಂಗಾಮಿಗೆ ಮೊದಲೇ ಖಚಿತ ಮಾಡಿಕೊಳ್ಳಿ.

ಕಾರ್ಖಾನೆಯಿಂದ ಖಾಲಿ ಮರಳುವಾಗ ವೇಗ ಹೆಚ್ಚುವುದು ಸಹಜ. ಖಾಲಿ ಟ್ರಾಲಿ ಗುಂಡಿಗಳಲ್ಲಿ ಎಗರುತ್ತದೆ, ಕ್ಲಿಪ್ ಕಳಚುವುದು ಹೆಚ್ಚಾಗಿ ಆಗಲೇ. ಯಾರ್ಡ್ ಬಿಡುವ ಮುನ್ನ ಪಿನ್ ಮತ್ತೊಮ್ಮೆ ಮುಟ್ಟಿ ನೋಡಿ. ಮನೆಗೆ ಬಂದು ಬಿಚ್ಚುವಾಗ ಮೊದಲು ದಿಮ್ಮಿ, ಆಮೇಲೆ ಸ್ಟ್ಯಾಂಡ್, ಪ್ಲಗ್ ಮತ್ತು ಸರಪಳಿ, ಕೊನೆಗೆ ಪಿನ್.